ಹೊಗೆಯ ದಾರಿ

ಹೊನ್ನಾವರದ ಹೆದ್ದಾರಿ ಬದಿಯಲ್ಲಿರುವ ದೇವರಾಜನ ಶೆಡ್ಡಿಗೆ ಬೋರ್ಡಿಲ್ಲ. ಲಾರಿ, ಟೆಂಪೊ, ಬೋಟುಗಳ ಸೈಲೆನ್ಸರ್ ತೂತಾದವರು ಕೇಳಿಕೊಂಡು ಬರುತ್ತಾರೆ. ಹಾಗೆ ಬಂದವನೇ ಹೊಳನಗದ್ದೆಯ ಅಜಯ. ಬಿಡಿಭಾಗಗಳ ಕಿಟ್ ತರಿಸಿ ಮನೆಯಂಗಳದಲ್ಲಿ ತಾನೇ ಒಂದು ಕಾರು ಜೋಡಿಸಿದ್ದ. ರಸ್ತೆಗಲ್ಲ, ರೇಸಿನ ಟ್ರ್ಯಾಕಿಗೆ. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಬಲ ಕೊಡುವ ಟರ್ಬೊ ಕೂರಿಸಿಯೂ ಆಗಿತ್ತು. ಹೊಗೆ ಹೊರಹೋಗುವ ಪೈಪು ಮಾತ್ರ ಬಾಕಿ.

ಟೆಂಪೊದಲ್ಲಿ ಹೇರಿ ತಂದ ಕಾರನ್ನು ಶೆಡ್ಡಿನೊಳಗೆ ತಳ್ಳಿ, "ಹೊಗೆ ಕಾರಿನ ಬಾಗಿಲ ಕೆಳಗೇ ಹೊರಗೆ ಬಿಡು ದೇವರಾಜಣ್ಣ. ಪೈಪು ಗಿಡ್ಡ ಇದ್ರೆ ಟರ್ಬೊಕ್ಕೂ ಒಳ್ಳೇದು, ಸೌಂಡೂ ಬರ್ತದೆ" ಎಂದ ಅಜಯ.

ದೇವರಾಜ ಕಾರಿನಡಿ ಅಂಗಾತ ಮಲಗಿ ನೋಡಿದ. "ಆಗೂದಿಲ್ಲ. ಹಿಂದಿನ ತನಕ ಒಯ್ಯೂದಾದ್ರೆ ಮಾಡ್ತೆ."

"ಎಂತಕ್ಕೆ?"

"ನಾ ಮಾಡೂದು ಹಾಂಗೇ."

ಅಜಯನಿಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದ. ಪೈಪಿನ ತುದಿ ಹೊರಗೆ ಕಾಣಬಾರದು, ಕಾರಿನ ಚಂದ ಕೆಡುತ್ತದೆ ಎಂದು ಅವನೂ ಒಂದು ಷರತ್ತು ಹಾಕಿದ.

ದೇವರಾಜ ಮೊದಲು ತಂತಿ ಬಗ್ಗಿಸಿ ಹೊಗೆಯ ದಾರಿ ಗೊತ್ತುಮಾಡಿಕೊಂಡ. ಟರ್ಬೊದ ಬಾಯಿಂದ ಇಳಿದು, ಗೇರ್‌ಬಾಕ್ಸಿನ ಪಕ್ಕ ಹಾದು, ಪೆಟ್ರೋಲ್ ಟ್ಯಾಂಕಿನಿಂದ ದೂರ ಸರಿದು ಹಿಂದಕ್ಕೆ. ಹೊಗೆ ತಡೆದು ನಿಂತರೆ ಟರ್ಬೊ ಏದುಸಿರು ಬಿಡುತ್ತದೆ. ಅದಕ್ಕೇ ಅಗಲದ ಪೈಪು ಆರಿಸಿದ, ತಿರುವುಗಳನ್ನು ನಿಧಾನವಾಗಿ ಬಳುಕಿಸಿದ. ಎಂಜಿನ್ನಿನ ನಡುಕಕ್ಕೆ ಬೆಸುಗೆ ಬಿರುಕುಬಿಡದಂತೆ ನಡುವೆ ಸುಕ್ಕುಸುಕ್ಕಾದ ಉಕ್ಕಿನ ಕೊಳವೆಯೊಂದನ್ನು ಸೇರಿಸಿದ. ಭಾರವೆಲ್ಲ ಟರ್ಬೊದ ಮೇಲೆ ಜೋತುಬೀಳದಂತೆ ಪೈಪನ್ನು ರಬ್ಬರಿನಲ್ಲಿ ತೂಗುಹಾಕಿದ.

ಕಡೆಗೆ ಪೈಪಿನ ತುದಿ ಮುಚ್ಚಿ, ಒಳಗೆ ಗಾಳಿ ತುಂಬಿ, ಬೆಸುಗೆಗಳಿಗೆಲ್ಲ ಸಾಬೂನು ನೀರು ಬಳಿದ. ಒಂದು ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದಿತು.

"ಅಷ್ಟು ಸಣ್ಣದು ಎಂತ ಮಾಡ್ತದೆ? ಮಸಿ ಕೂತು ತನ್ನಷ್ಟಕ್ಕೇ ಮುಚ್ಕೊಳ್ತದೆ" ಎಂದು ಅಜಯ ನಕ್ಕ.

ದೇವರಾಜ ಆ ಬೆಸುಗೆಯನ್ನೇ ಕತ್ತರಿಸಿ ತೆಗೆದು ಹೊಸದು ಹಾಕಿದ.

ಮರುದಿನ ಊರಾಚೆಯ ಖಾಲಿ ಬಯಲಿನಲ್ಲಿ ಕಾರು ಓಡಿತು. ದೇವರಾಜ ಪಕ್ಕದಲ್ಲಿ ಕೂತಿದ್ದ. ದನಿ ಗಂಭೀರವಾಗಿತ್ತು, ಎಳೆತ ಚೆನ್ನಾಗಿತ್ತು. ಅಜಯನ ಮುಖ ಅರಳಿತ್ತು. ಕೆಲವು ಸುತ್ತು ಹೊಡೆದ ಮೇಲೆ ಅವನು ಹಣೆ ಉಜ್ಜಿಕೊಂಡ. "ಬಿಸಿಲಿಗೋ ಎಂತದೋ, ತಲೆ ಹಿಡ್ದ ಹಾಂಗೆ ಆಗ್ತದೆ."

ದೇವರಾಜ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟ. ಕಾರು ನಿಲ್ಲುತ್ತಲೇ ಸುತ್ತಿ ಬಂದು, "ಇಳಿ. ಮೊದ್ಲು ಇಳಿ" ಎಂದು ಅವನ ತೋಳು ಹಿಡಿದು ಹೊರಗೆಳೆದ.

ಕೆಳಗೆ ಬಗ್ಗಿ ನೋಡಿದರೆ ಕಾರಣ ಕಂಡಿತು. ಅಜಯನ ಷರತ್ತಿನಂತೆ ಪೈಪು ಕಾರಿನ ಅಂಚಿನೊಳಗೇ ಮುಗಿದಿತ್ತು. ಓಡುವ ಕಾರಿನ ಬೆನ್ನಿಗೆ ಸುಳಿಯುವ ಗಾಳಿ ಆ ಹೊಗೆಯನ್ನು ಸೀಟಿನತ್ತ ಎಳೆದು ತರುತ್ತಿತ್ತು.

ಅಜಯ ಬಯಲಿನ ಬದಿಯ ನೆರಳಿನಲ್ಲಿ ಕೂತು ಸುಧಾರಿಸಿಕೊಂಡ. ದೇವರಾಜ ಅವನ ಪಕ್ಕದಲ್ಲೇ ಕೂತ.

"ನನ್ನ ತಮ್ಮ ಸುಬ್ಬ ಬೋಟಿನಾಗೆ ಹೋದ" ಎಂದ ಅವನು. "ಸಮುದ್ರದಾಗಲ್ಲ, ಬಂದರಿನ ದಕ್ಕೆಗೆ ಕಟ್ಟಿದ್ದ ಬೋಟಿನಾಗೆ. ಮಳೆ ಹೊಡೀತಿತ್ತು ಅಂತ ಕ್ಯಾಬಿನ್ ಬಾಗಿಲು ಹಾಕ್ಕೊಂಡು ಮಲಗಿದ್ದ. ಬ್ಯಾಟರಿ ಚಾರ್ಜಾಗ್ಲಿ ಅಂತ ಎಂಜಿನ್ ಚಾಲೂ ಬಿಟ್ಟಿದ್ದ. ಕೆಳಗೆ ಪೈಪು ತುಕ್ಕು ಹಿಡ್ದು ತೂತಾಗಿತ್ತು, ಹೊಗೆ ಕ್ಯಾಬಿನ್ನಾಗೇ ತುಂಬ್ಕೊಂಡಿತ್ತು. ಬೆಳಿಗ್ಗೆ ಸೀತೆ ಗಂಜಿ ತಕಂಡು ಹೋಗಿ ಗಂಡನ್ನ ಎಬ್ಬಿಸಿದ್ಲು. ಎದ್ದಿಲ್ಲ. ಮುಖ ನೋಡಿದ್ರೆ ಚಂದ ನಿದ್ದೆ ಮಾಡಿದ ಹಾಂಗೇ ಇತ್ತು."

ಅಜಯ ಎದ್ದು ಹೋಗಿ ಕಾರಿನ ಹಿಂಬದಿಗೆ ಬಗ್ಗಿ ಪೈಪಿನ ತುದಿ ನೋಡಿದ. ಆಮೇಲೆ, "ಪೈಪು ಉದ್ದ ಮಾಡಣ್ಣ. ಕಂಡ್ರೆ ಕಾಣ್ಲಿ" ಎಂದ.

ಪೈಪು ಅಂಚಿನಿಂದ ಗೇಣುದ್ದ ಹೊರಗೆ ಬಂದ ಮೇಲೆ ಹೊಗೆ ಒಳಗೆ ಸುಳಿಯಲಿಲ್ಲ. ಕಾರು ಒಯ್ಯಲು ಬಂದ ದಿನ ಅಜಯ ಹೊರಡದೆ ಅಲ್ಲೇ ನಿಂತಿದ್ದ. "ಮಂಕಿಯಲ್ಲಿ ನಮ್ಮ ಭಾವಂದು ಬೋಟುಂಟು. ಹಳೇದು. ಅದರ ಪೈಪು ಒಮ್ಮೆ ನೋಡ್ತ್ಯಾ?"

"ಬಿಚ್ಚಿ ಇಲ್ಲಿಗೆ ತರೂಕೆ ಹೇಳು."

"ಬಿಚ್ಚಿದ್ರೆ ಕೂಡಿಸಿದಲ್ಲಿ ಸೋರೂದು ಗೊತ್ತಾಗೂದು ಹ್ಯಾಂಗೆ?"

ಸುಬ್ಬ ಹೋದ ಮೇಲೆ ದೇವರಾಜ ಯಾವ ಬೋಟನ್ನೂ ಹತ್ತಿದವನಲ್ಲ. ಬೋಟಿನವರೇ ಪೈಪು ಕಳಚಿ ಹೊತ್ತು ತರುತ್ತಿದ್ದರು.

"ಆತು" ಎಂದ ಕೊನೆಗೆ. "ನಾಡಿದ್ದು ಬರ್ತೆ."

ಮಂಕಿಯಲ್ಲಿ ಅಜಯನ ಭಾವ ಕೈಕೊಟ್ಟು ಹತ್ತಿಸಿಕೊಂಡ. ಹಲಗೆಯ ಮೇಲೆ ಕಾಲಿಟ್ಟಾಗ ಬೋಟು ಮೆಲ್ಲಗೆ ತೂಗಿತು. ದೇವರಾಜ ಕ್ಯಾಬಿನ್ನಿನ ಹೊಸ್ತಿಲಲ್ಲಿ ಕಣ್ಣುಮುಚ್ಚಿ ಕೂತ. ಯಾರೂ ಅವಸರ ಮಾಡಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಎದ್ದು, ತಲೆ ಬಗ್ಗಿಸಿ, ಒಳಗೆ ಇಳಿದ.