ರೋಲರ್ ಮುಂದೆ ‘ಚಲೋ’ ಅಂದದ್ದು

ದೆಹಲಿಗೆ ಬಂದ ನಮ್ಮವರೆಲ್ಲ ನಾಲ್ಕು ದಿನಕ್ಕೇ ‘ಅಚ್ಛಾ, ಅಚ್ಛಾ’ ಅನ್ನತೊಡಗುತ್ತಾರೆ. ನಾನು ಧಾರವಾಡದವನು, ಚೆನ್ನಾಗಿದ್ದರೆ ‘ಚಲೋ’ ಅನ್ನುವವನು, ಅದನ್ನು ಬಿಡುವವನಲ್ಲ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹಿಂದಿಯಲ್ಲಿ ಅದಕ್ಕೆ ‘ನಡಿ’ ಅಂತ ಅರ್ಥ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತಲೆಗೆ ಗೊತ್ತಿತ್ತು, ನಾಲಗೆಗೆ ಗೊತ್ತಿರಲಿಲ್ಲ.

ದೆಹಲಿ ಪಕ್ಕದ ಫರೀದಾಬಾದಿನ ರೋಡ್ ರೋಲರ್ ಫ್ಯಾಕ್ಟರಿಯಲ್ಲಿ ನಾನು ಪ್ರೊಬೇಷನ್ ಎಂಜಿನಿಯರ್. ಒಬ್ಬ ಕಂಟ್ರಾಕ್ಟರಿಗೆ ಹೊಸ ರೋಲರ್ ತೋರಿಸಿ ಒಪ್ಪಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಊರಿಗೆ ಹೋಗಿ ಮಾವನ ಅಕ್ಕಿ ಅಂಗಡಿಯಲ್ಲಿ ಕೂರುವುದು. ಹೆಂಡತಿ ಬೇರೆ ಪಾತ್ರೆಪಗಡದ ಸಮೇತ ದೆಹಲಿಯ ಪೀತಂಪುರದ ಬಾಡಿಗೆ ಮನೆಗೆ ಬಂದಿಳಿದಿದ್ದಳು. ಗಾಡಿ ತೋರಿಸುವ ದಿನ ಕಂಟ್ರಾಕ್ಟರ್ ಬಂದು ಫ್ಯಾಕ್ಟರಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಹೆದರಿದರೆ ನಾನು ಪಾಠ ಮಾಡುತ್ತೇನೆ. ದರಿದ್ರ ಅಭ್ಯಾಸ. “ಇದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ. ಎಂಜಿನ್ ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಒಂದು ತಟ್ಟೆ ಇದೆ. ಅದು ಓರೆಯಾದಷ್ಟೂ ಪಿಸ್ಟನ್‌ಗಳು ಜಾಸ್ತಿ ಎಣ್ಣೆ ತಳ್ಳುತ್ತವೆ. ಆ ಎಣ್ಣೆ ಗಾಲಿಯ ಮೋಟರನ್ನು ತಿರುಗಿಸಿ ಮತ್ತೆ ಪಂಪಿಗೇ ವಾಪಸ್. ಲಿವರ್ ಹಿಂದಕ್ಕೆಳೆದರೆ ತಟ್ಟೆ ಆಚೆ ವಾಲುತ್ತದೆ, ಗಾಡಿಯೂ ಹಿಂದೆ. ನಡುವೆ ಇಟ್ಟರೆ ತಟ್ಟೆ ನೆಟ್ಟಗೆ, ಎಣ್ಣೆ ಹರಿಯುವುದಿಲ್ಲ, ಗಾಡಿ ನಿಂತಲ್ಲೇ!” ಕಂಟ್ರಾಕ್ಟರ್ ದೊಡ್ಡದಾಗಿ ಆಕಳಿಸಿದರು.

ಮಾತು ಸಾಕು ಅಂತ ನನ್ನ ಊಟದ ಡಬ್ಬಿಯನ್ನೇ ನೆಲದ ಮೇಲಿಟ್ಟೆ. ಮದುವೆಗೆ ಬಂದ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಹೆಂಡತಿಯ ಹೆಸರು ಕೊರೆಸಿದ್ದು. ಒಳಗೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ. “ಇದಕ್ಕೆ ಗೇಣು ದೂರ ನಿಲ್ಲಿಸು ಭಯ್ಯಾ” ಅಂತ ಆಪರೇಟರಿಗೆ ಹೇಳಿದೆ.

ರೋಲರ್ ಗುಡುಗುತ್ತ ಬಂತು. ಆಪರೇಟರ್ ಲಿವರನ್ನು ನಡುವಿಗೆ ತಂದ. ಸರಿಯಾಗಿ ಗೇಣು ದೂರದಲ್ಲಿ ನಿಂತೇಬಿಟ್ಟಿತು! ಕಂಟ್ರಾಕ್ಟರ್ ಕುರ್ಚಿಯಿಂದ ಎದ್ದರು. ಗೆದ್ದೆ ಅನ್ನಿಸಿತು ನನಗೆ. ಖುಷಿ ತಡೆಯಲಾರದೆ ಎರಡೂ ಕೈ ಎತ್ತಿ ಕೂಗಿದೆ: “ಚಲೋ! ಭಾಳ ಚಲೋ!”

ಆಪರೇಟರ್ ಲಿವರ್ ಮುಂದಕ್ಕೆ ತಳ್ಳಿದ. ಪಚಕ್. ಅಯ್ಯೋ ಶಿವನೇ!

“ಸಾಬ್, ನೀವೇ ಚಲೋ ಅಂದಿರಲ್ಲ?” ಅಂದ ಪಾಪ.

ಕಂಟ್ರಾಕ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೇಳಿದ ಮಾತು ಕೇಳುವ ಗಾಡಿ ನನಗೆ ಬೇಕು, ಹೇಳುವವರು ಮಾತ್ರ ಬೇರೆ ಇರಲಿ ಅಂದರು. ಗಾಡಿ ಮಾರಾಟವಾಯಿತು, ಕೆಲಸ ಕಾಯಂ ಆಯಿತು. ಇನ್ನು ಮುಂದೆ ಗಾಡಿ ತೋರಿಸುವಾಗ ಬಾಯಿ ತೆರೆಯಕೂಡದು ಅಂತ ಮ್ಯಾನೇಜರ್ ಅಪ್ಪಣೆಯೂ ಆಯಿತು.

ಸಂಜೆ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. “ಏನಾತ್ರೀ? ಎಲ್ಲಾ ಚಲೋ ಆತಿಲ್ಲೋ?”

ಚಪ್ಪಟೆ ಡಬ್ಬಿಯಿದ್ದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

“ಅಚ್ಛಾ ಆತು” ಅಂದೆ.