ಗುಡುಗಿಗೆ ಕಿತ್ತ ಪೆನ್‌ಡ್ರೈವ್

ಕಂಪ್ಯೂಟರ್ ಮುಟ್ಟುವ ಮೊದಲು ನಾನು ಈಗಲೂ ಚಪ್ಪಲಿ ಬಿಟ್ಟು ಕೈ ತೊಳೆಯುತ್ತೇನೆ. ಕಾರ್ಕಳದ ಕಾನ್ವೆಂಟಿನಲ್ಲಿ ಸಿಸ್ಟರ್ ಹಾಗೆ ಕಲಿಸಿದ್ದರು. ಉಡುಪಿಯ ಅಂಗಡಿಯವನು ಗೋಳಿಬಜೆ ತಿಂದ ಕೈಯಲ್ಲೇ ನಮ್ಮ ಲ್ಯಾಪ್‌ಟಾಪ್ ತೆರೆದು, ಇದರ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸ ಲ್ಯಾಪ್‌ಟಾಪೇ ತೆಗೆದುಕೊಳ್ಳಿ ಅಂದ. ನಾನು ಕೀಬೋರ್ಡಿನ ಎಣ್ಣೆ ಒರೆಸಿ ನಮ್ಮೂರು ಕೆಮ್ಮಣ್ಣಿಗೆ ಬಸ್ಸು ಹತ್ತಿದೆ.

ಮಣಿಪಾಲದಲ್ಲಿ ಓದುವ ಅಣ್ಣನ ಮಗಳು ಶನಿವಾರ ಬಂದಳು. ಹಳೆಯ ಸಿಸ್ಟಮ್ ಬದಲಿಗೆ ಲಿನಕ್ಸ್ ಎಂಬ ಬಿಟ್ಟಿ ಸಿಸ್ಟಮ್ ಹಾಕಿದರೆ ಇದೇ ಲ್ಯಾಪ್‌ಟಾಪ್ ಸಾಕು ಅನ್ನುವುದು ಅವಳ ವಾದ. ನನ್ನ ಹೆದರಿಕೆಯೇ ಬೇರೆ. ತೀರಿಹೋದ ಮಾವನ ಒಂದೇ ಒಂದು ವಿಡಿಯೋ ಇದ್ದದ್ದು ಅದರಲ್ಲಿ. ಅತ್ತೆ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ಅದನ್ನು ನೋಡದೆ ಊಟಕ್ಕೆ ಕೂರುವವರಲ್ಲ.

"ಇವತ್ತು ಏನೂ ಹಾಕುವುದಿಲ್ಲ ಆಂಟಿ," ಅಂದಳು. "ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವುದು. ಜಗಲಿಯಲ್ಲೇ ಕೂತು ಹೋಗುವ ನೆಂಟರ ಹಾಗೆ. ಹಾಕುವುದಿದ್ದರೆ ಮೊದಲು ಎಲ್ಲದರ ಕಾಪಿ ತೆಗೆಯಬೇಕು."

ನೆಂಟರಿಗೆ ಚಾ ಇಡಬೇಕಾ ಎಂದು ಅತ್ತೆ ಕೇಳಿದರು.

ಅವಳು ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಶುರು ಮಾಡಿದಳು. ವೈಫೈ ಸಿಕ್ಕಿತು. ಕನ್ನಡ ಅಕ್ಷರ ಸರಿಯಾಗಿ ಬಂತು. ಪ್ರಿಂಟರ್ ಸ್ವಲ್ಪ ಗೊಣಗಿ ಒಂದು ಹಾಳೆ ಉಗುಳಿತು. ಕೊನೆಗೆ ಮಾವನ ವಿಡಿಯೋ. ಬನಿಯನ್ ತೊಟ್ಟು ತೆಂಗಿನಕಾಯಿ ಸುಲಿಯುತ್ತಿದ್ದ ಮಾವ ತಲೆಯೆತ್ತಿ, "ಸಾಕು, ಸುಮ್ಮನೆ ಬ್ಯಾಟರಿ ಹೋಗ್ತದೆ, ಬಂದ್ ಮಾಡು" ಎಂದರು.

ಅಷ್ಟರಲ್ಲಿ ಕಡಲ ಕಡೆಯಿಂದ ಗುಡುಗು ಕೇಳಿತು.

ನಮ್ಮಲ್ಲಿ ಗುಡುಗಿದರೆ ಪ್ಲಗ್ಗು ಕೀಳದ ಮನೆ ಇಲ್ಲ. ಅತ್ತೆಯಂತೂ ಮೋಡ ಕಪ್ಪಾಗುವಾಗಲೇ ಎದ್ದು ನಿಂತಿರುತ್ತಾರೆ. ಟಿ.ವಿ., ಫ್ರಿಜ್ಜು, ಮಿಕ್ಸಿ, ನಮ್ಮ ಚಾರ್ಜರ್ ಎಲ್ಲ ಕಿತ್ತರು. ನಾವು ತಿರುಗಿ ನೋಡುವುದರೊಳಗೆ ಲ್ಯಾಪ್‌ಟಾಪಿನ ಬದಿಯಲ್ಲಿ ಮಿಣಮಿಣ ಅನ್ನುತ್ತಿದ್ದ ಪೆನ್‌ಡ್ರೈವನ್ನೂ ಕಿತ್ತು ಸೆರಗಿಗೆ ಒರೆಸಿದರು.

ಮಾವ ಬಾಯಿ ತೆರೆದಂತೆಯೇ ನಿಂತರು. ಆಮೇಲೆ ಪರದೆ ಕಪ್ಪಾಗಿ, ಬಿಳಿ ಅಕ್ಷರಗಳು ಸರಸರ ಇಳಿದವು. ಅತ್ತೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯಲ್ಲಿ ಕುಸಿದರು.

"ಅವರು ಹೋದರಾ?" ಅಂತ ಮೆಲ್ಲಗೆ ಕೇಳಿದರು.

ಹುಡುಗಿ ಮಾತ್ರ ನಗುತ್ತಿದ್ದಳು. ನೆಂಟರನ್ನು ಓಡಿಸಿದ್ದಷ್ಟೇ, ಮನೆಯೊಳಗಿನದು ಒಳಗೇ ಉಂಟು ಎನ್ನುತ್ತಾ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಪುನಃ ಒತ್ತಿದಳು. ಹಳೆಯ ಸಿಸ್ಟಮ್ ಎಂದಿನಂತೆ ಆಕಳಿಸುತ್ತಾ ಎದ್ದಿತು. ವಿಡಿಯೋ ಇದ್ದಲ್ಲೇ ಇತ್ತು; ಅವಳು ಅದನ್ನು ಮೊದಲಿನಿಂದ ಹಾಕಿದಳು.

ಹೊಸತನ್ನು ಹಾಕಬಹುದೇ ಎಂದು ನಾನು ಅತ್ತೆಯನ್ನು ಕೇಳಿದೆ. ಹಾಕಿ, ಆದರೆ ಮೊದಲು ಅವರ ಎರಡು ಕಾಪಿ ಆಗಲಿ, ಒಂದನ್ನು ನಾನೇ ಕಪಾಟಿನಲ್ಲಿ ಇಡುತ್ತೇನೆ ಅಂದರು. ಅಷ್ಟರಲ್ಲಿ ಮಾವ ಪುನಃ ಬಂದ್ ಮಾಡಲು ಹೇಳಿದರು.

"ಸ್ವಲ್ಪ ಇರಿ ಮಾರಾಯರೆ," ಅಂದರು ಅತ್ತೆ. "ಒಂದು ಸಲ ನಿಮ್ಮ ಮಾತು ಕೇಳಿದ್ದಕ್ಕೇ ಇಷ್ಟೆಲ್ಲ ಆಯಿತು."