ದೇವಿರಮ್ಮ ಅಟ್ಟಕ್ಕೇರಿಸಿದ ಬಿಲ್ಲು

ಹತ್ತಿ ಎಕ್ಕುವವನ, ಅಂದರೆ ತಂತಿ ಮಿಡಿದು ಹತ್ತಿ ಬಿಡಿಸುವವನ, ಬಿಲ್ಲನ್ನು ಬೇರೆಯವರು ಮುಟ್ಟಬಾರದು. ನಮ್ಮ ಕಿರುಗಾವಲಿನ ದೇವಿರಮ್ಮ ಮುಟ್ಟಿದಳು. ಮುಟ್ಟಿದ್ದೇನು, ಬೀದಿಯ ಜನರೆದುರು ಕಿತ್ತುಕೊಂಡು ಅಟ್ಟಕ್ಕೇರಿಸಿದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅದು ನಲವತ್ತೊಂದನೇ ಇಸವಿ. ಅವಳ ಮಗಳು ಶಿವನಂಜಮ್ಮನ ಮದುವೆಗೆ ಹಾಸಿಗೆ ಮಾಡಲು ಹೋಗಿದ್ದೆ. ಹನ್ನೆರಡು ವರ್ಷದಿಂದ ಆ ಮನೆಯ ಹತ್ತಿ ಎಕ್ಕುತ್ತಿದ್ದವನು ನಾನೇ. ಬಿಲ್ಲಿನ ತಂತಿಯನ್ನು ನಾಲ್ಕು ಸಲ ಮಿಡಿಯುವಷ್ಟರಲ್ಲಿ ಕೆಮ್ಮು ಹಿಡಿದು ಕುಸಿದು ಕೂತೆ. ಹತ್ತಿಯ ಧೂಳು ಕುಡಿದು ಕುಡಿದು ಎದೆಯೊಳಗೆ ಕಲೆ ಕಟ್ಟಿದೆ, ಅದಕ್ಕೆ ಮದ್ದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಬಿಲ್ಲು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

"ಮೊದ್ಲು ನಿನ್ನ ಎದೇಲಿರೋ ಅತ್ತಿ ಎಕ್ಕುಸ್ಕೊ, ವಹಾಬ. ಆಮ್ಯಾಕೆ ನನ್ನ ಅತ್ತಿ," ಎಂದು ದೇವಿರಮ್ಮ ಬಿಲ್ಲು ಕಿತ್ತುಕೊಂಡಳು. "ನಲವತ್ತು ದಿನ ನಾ ಕೊಟ್ಟಿದ್ದು ಕುಡಿ. ಈ ಊದುಗೊಳವೇಲಿ ಒಂದೇ ಉಸ್ರಿಗೆ ಒಲೆ ಅತ್ತುಸ್ದ್ರೆ ಬಿಲ್ಲು ನಿಂದು. ಇಲ್ದಿದ್ರೆ ಅತ್ತಿ ಎಕ್ಕೋಕೆ ಕೆರಗೋಡಿನೋನ್ನ ಕರುಸ್ತೀನಿ."

"ಮದ್ವೆ ಕೆಲ್ಸ ನಿಂತೋದ್ರೆ?"

"ಲಗ್ನಕ್ಕೆ ಇನ್ನೂ ಎಲ್ಡು ತಿಂಗ್ಳದೆ ಬುಡು."

ದಿನಕ್ಕೊಂದು ಲೋಟ ಕಪ್ಪು ಕಷಾಯ. ಅದರ ಮುಂದೆ ಬೇವು ಬೆಲ್ಲ. ಬೈದುಕೊಂಡೇ ಕುಡಿದೆ.

ಬಿಲ್ಲಿಲ್ಲದ ಕೈ ಸುಮ್ಮನಿರಲಿಲ್ಲ. ಮೂವತ್ತನೆಯ ದಿನ ಅವಳ ಗಂಡ ಮರಿಸಿದ್ದಯ್ಯನ ಜೊತೆ ಗದ್ದೆಗೆ ಗೊಬ್ಬರದ ಸೊಪ್ಪು ಕೊಯ್ಯಲು ನಿಂತೆ. ಹಿತ್ತಲ ಬೇಲಿಯನ್ನು ಬುಡದವರೆಗೆ ಸವರಿ, ಕೆಸರಲ್ಲಿ ತುಳಿದು, ಮೀಸೆ ತಿರುವುತ್ತ ಬಂದೆ.

ದೇವಿರಮ್ಮ ಬೋಳು ಬೇಲಿ ನೋಡಿ ಸೊಂಟಕ್ಕೆ ಕೈಯಿಟ್ಟಳು. "ನಿನ್ನ ಉಸ್ರನ್ನ ನೀನೇ ತುಳುದ್ಯಲ್ಲೋ. ಅದು ಆಡುಸೋಗೆ. ನೀ ಕುಡೀತಿದ್ದುದ್ದು ಅದೇ ಕಣ್ಲಾ."

ನಾನು ಕಷಾಯ ಕಂಡಿದ್ದೆ, ಸೊಪ್ಪು ಕಂಡಿರಲಿಲ್ಲ.

"ನಿಮ್ಮಿಬ್ರ ಕಷಾಯದ ಇಚಾರ ನಂಗೇನ್ ಗೊತ್ತು," ಎಂದು ಮರಿಸಿದ್ದಯ್ಯ ಮೆಲ್ಲಗೆ ಕೊಟ್ಟಿಗೆ ಸೇರಿಕೊಂಡ.

"ಮಳವಳ್ಳಿ ದಾರೀಲಿ ಅಳ್ಳದ ದಂಡೆ ಮ್ಯಾಲೆ ಅದೆ. ಓಗಿ ತತ್ತಾ," ಎಂದು ನನ್ನನ್ನು ಅಟ್ಟಿದಳು.

ಮೂರು ಮೈಲಿ. ಬೈಯುತ್ತಲೇ ಹೋದೆ, ಹೊರೆ ಹೊತ್ತು ಬೈಯುತ್ತಲೇ ಬಂದೆ. ಹೊರೆ ಇಳಿಸಿದ ಮೇಲೆ ಹೊಳೆಯಿತು, ದಾರಿಯಲ್ಲಿ ಎಲ್ಲೂ ಕೂತೇ ಇರಲಿಲ್ಲ.

"ಬಯ್ಯಾಕೆ ಇಷ್ಟು ಉಸ್ರು ಎಲ್ಲಿಂದ ಬಂತ್ಲಾ?" ಎಂದಳು.

ನಲವತ್ತನೆಯ ದಿನ ಊದಿದೆ. ಒಲೆ ಹತ್ತಿತು. ಬೂದಿ ಹಾರಿ ಅವಳ ಮುಖ, ಮುದ್ದೆಯ ಎಸರು, ಎಲ್ಲ ಬೆಳ್ಳಗಾಯಿತು. ನಕ್ಕು ನಕ್ಕು ಅವಳಿಗೇ ಕೆಮ್ಮು ಬಂತು. ಬಿಲ್ಲು ಇಳಿಸಿಕೊಟ್ಟಳು. ನನ್ನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಸಿ, ಕೋಣೆ ಬಿಡಿಸಿ ಅಂಗಳದ ಗಾಳಿಯಲ್ಲಿ ಕೂರಿಸಿದಳು. ಶಿವನಂಜಮ್ಮನ ಹಾಸಿಗೆ ನಾನೇ ಹೊಲಿದೆ. ಕಲೆ ಇದ್ದ ಹಾಗೇ ಇದೆ ಎನ್ನುತ್ತಾರೆ ಡಾಕ್ಟರು. ಉಸಿರು ಮಾತ್ರ ಸಲೀಸಾಗಿದೆ.

ಆ ಋಣಕ್ಕೆಂದು ದೇವಿರಮ್ಮನಿಗೂ ಒಂದು ಹಾಸಿಗೆ ಹೊಲಿದುಕೊಟ್ಟೆ. ಬಾಣಂತಿ ಮುದ್ದಮ್ಮನಿಗೆ ಕೊಟ್ಟುಬಿಟ್ಟಳು. ಇನ್ನೊಂದು ಕೊಟ್ಟೆ, ಅದೂ ಬೇರೊಬ್ಬ ಬಾಣಂತಿಯ ಮನೆ ಸೇರಿತು. ಈಗ ನಲವತ್ತೇಳನೇ ಇಸವಿ. ಆರನೆಯ ಹಾಸಿಗೆಯೂ ಹಾಗೇ ಹೋಯಿತು. ಅವಳು ಇವತ್ತಿಗೂ ಮಲಗುವುದು ಈಚಲು ಚಾಪೆಯ ಮೇಲೆ.